ವಿದೇಶಿ ಅಳಿಯ, ಸೊಸೆ, ಗೆಳೆಯರ ಜೊತೆ ಕಾಶಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಕನ ಮಗಳ ಮದುವೆಯಲ್ಲಿ ಜರ್ಮನಿಯ ಹುಡುಗ ಪಂಚೆ ಉಟ್ಟು, ಛತ್ರಿ ಹಿಡಿದು ಕಾಶಿಯಾತ್ರೆಗೆ ಹೊರಟ. ನಮ್ಮ ಭಾವ ಅಡ್ಡ ಬಂದು, ಮಗಳನ್ನು ಕೊಡುತ್ತೇನೆ, ಹೋಗಬೇಡಪ್ಪ ಅಂತ ವಾಪಸ್ ಕರೆದುಕೊಂಡು ಬಂದರು. ಸಂಜೆ ಅವನು ನನ್ನ ಪಕ್ಕ ಕೂತು, "ಚಿಕ್ಕಮ್ಮ, ಆ ಕಾಶಿಗೆ ನಿಜವಾಗಿ ಯಾವಾಗ ಹೋಗೋದು?" ಅಂತ ಕೇಳಿದ. ಎರಡು ವರ್ಷ ಆದ ಮೇಲೆ ಹೋದೆವು. ಆಮೇಲೆ ಅವನ ಅಪ್ಪ ಅಮ್ಮನನ್ನೂ ಕರೆದುಕೊಂಡು ಇನ್ನೊಂದು ಸಲ ಹೋದೆ. ಈಗ ಮಕ್ಕಳು ಹೊರದೇಶದಲ್ಲಿರುವ ಪರಿಚಯದವರೆಲ್ಲ ನನಗೆ ಫೋನ್ ಮಾಡಿ ವಿಚಾರಿಸುತ್ತಾರೆ. ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು, ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಎಷ್ಟು ದಿನ ಇಟ್ಟುಕೊಳ್ಳಬೇಕು?

ಕನಿಷ್ಠ ಮೂರು ರಾತ್ರಿ. ಈ ಒಂದು ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ. ದೆಹಲಿ, ಆಗ್ರಾ, ಜೈಪುರ ಎಲ್ಲ ಮುಗಿಸಿ, ಒಂದು ಮಧ್ಯಾಹ್ನ ಬಂದಿಳಿದು, ಸಂಜೆ ಆರತಿ ನೋಡಿ, ಬೆಳಿಗ್ಗೆ ದೋಣಿ ಹತ್ತಿ, ಊಟದ ಹೊತ್ತಿಗೆ ಮತ್ತೆ ವಿಮಾನ ಹಿಡಿಯುವ ಪ್ಲ್ಯಾನ್ ಮಾಡುವವರೇ ಜಾಸ್ತಿ. ಅಷ್ಟರಲ್ಲಿ ಹೊರಗಿನವರ ಕಣ್ಣಿಗೆ ಬೀಳುವುದು ಗದ್ದಲ, ಹೊಗೆ, ಸಗಣಿ, ಹೆಣ. ಅಷ್ಟನ್ನೇ ಹೊತ್ತುಕೊಂಡು ಹೋಗುತ್ತಾರೆ. ನಮ್ಮ ಬೀಗಿತ್ತಿ ಮೊದಲ ದಿನ ಓಣಿಯಲ್ಲಿ ನನ್ನ ಕೈ ಬಿಡಲೇ ಇಲ್ಲ, ಬೈಕ್ ಹಾರ್ನ್ ಕೇಳಿದಾಗಲೆಲ್ಲ ಗೋಡೆಗೆ ಒರಗುತ್ತಿದ್ದರು. ಮೂರನೇ ದಿನ ಬೆಳಿಗ್ಗೆ ನಾನು ಎದ್ದು ನೋಡಿದರೆ ರೂಮಿನಲ್ಲಿ ಇಲ್ಲ. ಕೇದಾರ ಘಾಟಿನ ಮೆಟ್ಟಿಲ ಮೇಲೆ ಒಬ್ಬರೇ ಕೂತು, ಮಣ್ಣಿನ ಕುಲ್ಹಡ್‌ನಲ್ಲಿ ಚಹಾ ಕುಡಿಯುತ್ತಾ, ಬಟ್ಟೆ ಒಗೆಯುವವರನ್ನು ನೋಡುತ್ತಿದ್ದರು. ಮೂರನೇ ದಿನ ಇಲ್ಲದಿದ್ದರೆ ಅದು ಆಗುತ್ತಲೇ ಇರಲಿಲ್ಲ.

ಯಾವ ತಿಂಗಳು ಒಳ್ಳೆಯದು?

ನವೆಂಬರ್, ಇಲ್ಲ ಫೆಬ್ರವರಿ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಮಂಜು ಎಷ್ಟು ದಟ್ಟವಾಗಿರುತ್ತದೆ ಅಂದರೆ ರೈಲು ಗಂಟೆಗಟ್ಟಲೆ ತಡ, ವಿಮಾನ ರದ್ದು. ಮೇ, ಜೂನ್‌ನಲ್ಲಿ ಬಿಸಿಲು 45 ಡಿಗ್ರಿ ಮುಟ್ಟುತ್ತದೆ, ಚಳಿ ದೇಶದವರನ್ನು ದಯವಿಟ್ಟು ಆಗ ಕರೆದುಕೊಂಡು ಹೋಗಬೇಡಿ. ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ನದಿ ಏರಿ ಮೆಟ್ಟಿಲುಗಳೇ ಮುಳುಗುತ್ತವೆ, ಒಂದು ಘಾಟಿನಿಂದ ಇನ್ನೊಂದಕ್ಕೆ ನಡೆಯುವ ದಾರಿ ಇರುವುದಿಲ್ಲ, ನೀರು ಜಾಸ್ತಿ ಆದರೆ ದೋಣಿಯನ್ನೂ ನಿಲ್ಲಿಸುತ್ತಾರೆ.

ಕಾರ್ತಿಕ ಹುಣ್ಣಿಮೆಗೆ, ಅಂದರೆ ದೀಪಾವಳಿ ಆಗಿ ಹದಿನೈದು ದಿನಕ್ಕೆ, ದೇವ ದೀಪಾವಳಿ ಬರುತ್ತದೆ. ಎಲ್ಲ ಘಾಟಿನ ಮೆಟ್ಟಿಲಲ್ಲೂ ಹಣತೆ. ನೋಡಲೇಬೇಕು ಅನ್ನುವವರು ರೂಮನ್ನು ತಿಂಗಳುಗಳ ಮೊದಲೇ ಹಿಡಿಯಿರಿ. ಆದರೆ ಮೊದಲ ಸಲ ಬರುವವರನ್ನು ಅಷ್ಟು ಜನಜಂಗುಳಿಗೆ ತಳ್ಳಬೇಡಿ ಅನ್ನುವುದು ನನ್ನ ಅಭಿಪ್ರಾಯ.

ವೀಸಾ ಹೇಗೆ?

ಬಹಳಷ್ಟು ದೇಶದವರಿಗೆ ಇ-ವೀಸಾ ಸಿಗುತ್ತದೆ. 30 ದಿನದ್ದು, 1 ವರ್ಷದ್ದು, 5 ವರ್ಷದ್ದು ಅಂತ ಇವೆ. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳಾದರೂ ಅವಧಿ ಇರಬೇಕು, ಎರಡು ಪುಟ ಖಾಲಿ ಇರಬೇಕು. ಅರ್ಜಿಯನ್ನು ಭಾರತ ಸರ್ಕಾರದ ತಾಣದಲ್ಲೇ ಹಾಕಿ. ಹುಡುಕಿದರೆ ಅದರ ಥರವೇ ಕಾಣುವ ಖಾಸಗಿ ತಾಣಗಳು ಮೊದಲು ಬರುತ್ತವೆ, ಹಣ ಜಾಸ್ತಿ ಕಿತ್ತುಕೊಳ್ಳುತ್ತವೆ. ವಿಳಾಸದ ಕೊನೆಯಲ್ಲಿ "ಜಿಒವಿ ಡಾಟ್ ಇನ್" ಇದೆಯಾ ನೋಡಿಕೊಳ್ಳಿ. ನೇಪಾಳ, ಭೂತಾನ್‌ನವರಿಗೆ ವೀಸಾ ಬೇಕಿಲ್ಲ.

ನಮ್ಮ ಮಗನಿಗೆ ಅಮೆರಿಕದ ಪಾಸ್‌ಪೋರ್ಟ್, ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದೆ. ಅವನೂ ವಿದೇಶಿಯನಾ?

ಕಾಗದದ ಮೇಲೆ ಹೌದು, ಆದರೆ ವೀಸಾ ಬೇಡ. ಸ್ಮಾರಕಗಳ ಟಿಕೆಟ್‌ನಲ್ಲೂ 2021ರ ಅಧಿಸೂಚನೆ ಪ್ರಕಾರ ಓಸಿಐ ಇದ್ದವರಿಗೆ ಭಾರತೀಯರ ದರವೇ. ಸಾರನಾಥದ ಕೌಂಟರ್‌ನಲ್ಲಿ ಕಾರ್ಡ್ ತೋರಿಸಬೇಕಾಗುತ್ತದೆ, ಮೊಬೈಲಿನ ಫೋಟೋ ನಂಬಿಕೊಂಡು ಹೋಗಬೇಡಿ.

ಹೋಗುವುದು ಹೇಗೆ?

ಬೆಂಗಳೂರಿನಿಂದ ನೇರ ವಿಮಾನ ಇದೆ. ಇಳಿಯುವುದು ಬಾಬತ್‌ಪುರದಲ್ಲಿ, ಊರಿಂದ ಸುಮಾರು 25 ಕಿಲೋಮೀಟರ್ ದೂರ. ದೆಹಲಿಯಿಂದ ಬರುವವರಿಗೆ ವಂದೇ ಭಾರತ್ ರೈಲು, ಸುಮಾರು ಎಂಟು ಗಂಟೆ. ಟಿಕೆಟ್ ಮಾಡಿಸುವಾಗ ಸ್ಟೇಷನ್ ಹೆಸರು ಸರಿಯಾಗಿ ನೋಡಿ. ಊರಿನ ದೊಡ್ಡ ಸ್ಟೇಷನ್ ವಾರಾಣಸಿ ಜಂಕ್ಷನ್, ಅಲ್ಲಿಯ ಜನ ಕ್ಯಾಂಟ್ ಅನ್ನುತ್ತಾರೆ. ಹಳೆಯ ಮಂಡುವಾಡೀಹ್‌ಗೆ ಈಗ ಬನಾರಸ್ ಅಂತ ಹೆಸರು. ಇನ್ನು ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್ ಅಂದರೆ ನಮ್ಮ ಹಿರಿಯರು ಹೇಳುತ್ತಿದ್ದ ಮೊಗಲ್‌ಸರಾಯ್. ಅದು ಗಂಗೆಯ ಆಚೆ ಕಡೆ ಇದೆ. ಬೆಂಗಳೂರಿನ ಸಂಘಮಿತ್ರ ರೈಲು ನಿಮ್ಮನ್ನು ಇಳಿಸುವುದು ಅಲ್ಲೇ.

ಎಲ್ಲಿ ಉಳಿಯಬೇಕು? ಛತ್ರ, ಮಠದಲ್ಲಿ ವಿದೇಶಿಯರಿಗೆ ಜಾಗ ಕೊಡುತ್ತಾರಾ?

ಇಲ್ಲಿ ನಾವು ಪೆಟ್ಟು ತಿಂದಿದ್ದೇವೆ. ವಿದೇಶಿಯರು ಬಂದರೆ ಉಳಿಸಿಕೊಂಡವರು 24 ಗಂಟೆಯೊಳಗೆ "ಫಾರ್ಮ್ ಸಿ" ಅಂತ ರೂಢಿಯಲ್ಲಿ ಕರೆಯುವ (2025ರ ನಿಯಮಗಳಲ್ಲಿ ಫಾರ್ಮ್ 3) ಮಾಹಿತಿಯನ್ನು ಆನ್‌ಲೈನ್‌ನಲ್ಲಿ ಕೊಡಬೇಕು. ಎಷ್ಟೋ ಸಣ್ಣ ಲಾಡ್ಜ್ ಮತ್ತು ಧರ್ಮಶಾಲೆಗಳು ಆ ರಗಳೆಯೇ ಬೇಡ ಅಂತ ವಿದೇಶಿಯರನ್ನು ತೆಗೆದುಕೊಳ್ಳುವುದೇ ಇಲ್ಲ. ನಾವು ಮೊದಲೇ ದುಡ್ಡು ಕಟ್ಟಿದ್ದ ಒಂದು ಗೆಸ್ಟ್ ಹೌಸ್‌ನಲ್ಲಿ ರಾತ್ರಿ ಹತ್ತೂವರೆಗೆ ಅಳಿಯನ ಪಾಸ್‌ಪೋರ್ಟ್ ನೋಡಿ ಆಗಲ್ಲ ಅಂದರು. ನನ್ನ ಆಧಾರ್ ಸಾಕಾಗಿತ್ತು, ಅವನದ್ದು ಸಾಕಾಗಲಿಲ್ಲ. ಸಾಮಾನು ಹೊತ್ತು ಆ ಕತ್ತಲೆ ಓಣಿಯಲ್ಲಿ ಇನ್ನೊಂದು ಜಾಗ ಹುಡುಕಿದ ಆ ಒಂದು ಗಂಟೆ ಯಾರಿಗೂ ಬೇಡ. ಬುಕ್ ಮಾಡುವ ಮೊದಲು ಫೋನ್ ಮಾಡಿ, "ವಿದೇಶಿ ಪಾಸ್‌ಪೋರ್ಟ್ ಇದ್ದವರು ಒಬ್ಬರಿದ್ದಾರೆ, ಫಾರ್ಮ್ ಸಿ ಮಾಡುತ್ತೀರಾ?" ಅಂತ ಬಾಯಿಬಿಟ್ಟು ಕೇಳಿ. ಈ ನಿಯಮ ನಮ್ಮ ಮನೆಗಳಿಗೂ ಇದೆ, ಅವರು ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ನಿಮ್ಮ ಮನೆಯಲ್ಲಿ ಉಳಿದುಕೊಂಡರೆ ನೀವೂ ಕೊಡಬೇಕು.

ಜಾಗದ ಬಗ್ಗೆ ಹೇಳುವುದಾದರೆ, ಅಸ್ಸಿ ಘಾಟಿನ ಕಡೆ ಸ್ವಲ್ಪ ತೆರಪಾಗಿದೆ, ಕಾರು ಹತ್ತಿರದವರೆಗೆ ಬರುತ್ತದೆ. ದಶಾಶ್ವಮೇಧ ಘಾಟಿನ ಓಣಿಗಳಲ್ಲಿ ಉಳಿದರೆ ಗೋದೌಲಿಯಾ ಚೌಕದ ಆಸುಪಾಸಿನಲ್ಲಿ ಇಳಿದು ಮುಂದಕ್ಕೆ ನಡೆಯಬೇಕು, ಚಕ್ರದ ಸೂಟ್‌ಕೇಸ್ ಅಲ್ಲಿ ಉರುಳುವುದಿಲ್ಲ. ಮೊಣಕಾಲು ನೋವಿರುವವರು ಜೊತೆಗಿದ್ದರೆ ರೂಮಿಗೆ ಎಷ್ಟು ಮೆಟ್ಟಿಲು ಅಂತಲೂ ಕೇಳಿ.

ವಿಶ್ವನಾಥನ ದೇವಸ್ಥಾನದೊಳಗೆ ಬಿಡುತ್ತಾರಾ?

ಅಸಲಿ ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿ. ನಮ್ಮವರ ಪಾಸ್‌ಪೋರ್ಟ್ ನೋಡಿ, ವಿವರ ಬರೆದುಕೊಂಡು, ಬೇರೆ ಸಾಲಿನಲ್ಲಿ ಒಳಗೆ ಬಿಟ್ಟರು. ಯಾವ ಬಾಗಿಲು, ಎಲ್ಲಿಯವರೆಗೆ ಅನ್ನುವುದು ಆ ದಿನದ ಜನಸಂದಣಿ ಮತ್ತು ಅಲ್ಲಿರುವವರ ಮೇಲೆ ಇದೆ. ಶಿವರಾತ್ರಿಗೆ, ಶ್ರಾವಣದ ಸೋಮವಾರಕ್ಕೆ ಆಸೆ ಇಟ್ಟುಕೊಳ್ಳಬೇಡಿ. ಮೊದಲು ದೇವಸ್ಥಾನದ ಸಹಾಯ ಕೇಂದ್ರದಲ್ಲಿ ಕೇಳಿ, ಓಣಿಯಲ್ಲಿ ಅಡ್ಡ ಬಂದು ನಾನು ಬೇಗ ದರ್ಶನ ಮಾಡಿಸುತ್ತೇನೆ ಅನ್ನುವವರನ್ನಲ್ಲ. ಬೇಡ ಅಂದರೆ ವಾದ ಮಾಡಬೇಡಿ. ಪಕ್ಕದಲ್ಲೇ ಜ್ಞಾನವಾಪಿ ಮಸೀದಿ ಇದೆ, ಪೊಲೀಸ್ ಕಾವಲು ಬಿಗಿ. ಅಲ್ಲಿ ಕ್ಯಾಮೆರಾ ಎತ್ತುವ ಯೋಚನೆಯೂ ಬೇಡ.

ಮೊಬೈಲ್, ಸ್ಮಾರ್ಟ್ ವಾಚ್, ಬ್ಯಾಗ್ ಒಳಗೆ ಬಿಡುವುದಿಲ್ಲ. ಹೊರಗಿನ ಅಂಗಡಿಯವರು ಹೂವು ಪ್ರಸಾದ ಕೊಂಡರೆ ಲಾಕರ್ ಫ್ರೀ ಅನ್ನುತ್ತಾರೆ, ಎಲ್ಲವನ್ನೂ ರೂಮಿನಲ್ಲೇ ಬಿಟ್ಟು ಬರುವುದು ವಾಸಿ.

ಹೋಗುವ ಮೊದಲು ಒಂದೆರಡು ಮಾತು ಹೇಳಿಕೊಡಿ. ಈಗಿರುವ ಗುಡಿಯನ್ನು 1780ರ ಸುಮಾರಿಗೆ ಕಟ್ಟಿಸಿದ್ದು ಇಂದೋರಿನ ಅಹಲ್ಯಾಬಾಯಿ ಹೋಳ್ಕರ್. ಶಿಖರಕ್ಕೆ ಚಿನ್ನ ಕೊಟ್ಟಿದ್ದು ಪಂಜಾಬಿನ ರಣಜಿತ್ ಸಿಂಗ್. ಗುಡಿಯಿಂದ ಗಂಗೆಯವರೆಗಿನ ವಿಶಾಲ ಅಂಗಳ 2021ರ ಡಿಸೆಂಬರ್‌ನಲ್ಲಿ ತೆರೆದದ್ದು. ಒಬ್ಬ ಮರಾಠಿ ರಾಣಿ, ಒಬ್ಬ ಸಿಖ್ ರಾಜ ಅಂದಾಗ ನಮ್ಮ ಅಳಿಯನ ಮುಖ ಅರಳಿತು. ಬರೀ ನೂಕುನುಗ್ಗಲು ಅಂದುಕೊಂಡಿದ್ದವನಿಗೆ ಕೇಳಲು ಹತ್ತು ಪ್ರಶ್ನೆ ಹುಟ್ಟಿದವು.

ಇನ್ನೂ ನೆಮ್ಮದಿಯಾಗಿ ಪೂಜೆ ನೋಡಬೇಕು ಅಂದರೆ ಹಿಂದೂ ವಿಶ್ವವಿದ್ಯಾಲಯದೊಳಗಿನ ಹೊಸ ವಿಶ್ವನಾಥ ಮಂದಿರಕ್ಕೆ ಹೋಗಿ. ಅಲ್ಲಿ ಎಲ್ಲರಿಗೂ ಪ್ರವೇಶ ಇದೆ.

ಹೆಣ ಸುಡುವ ಜಾಗಕ್ಕೆ ಕರೆದುಕೊಂಡು ಹೋಗಬೇಕಾ?

ಇದನ್ನು ಎಲ್ಲರೂ ದನಿ ತಗ್ಗಿಸಿ ಕೇಳುತ್ತಾರೆ. ನನ್ನ ಉತ್ತರ: ನೀವು ಕರೆದುಕೊಂಡು ಹೋಗದಿದ್ದರೂ ಅವರು ನೋಡೇ ನೋಡುತ್ತಾರೆ. ಓಣಿಯಲ್ಲಿ ನಡೆಯುವಾಗ "ರಾಮ್ ನಾಮ್ ಸತ್ಯ ಹೈ" ಅಂತ ಹಿಂದಿನಿಂದ ದನಿ ಬರುತ್ತದೆ, ಗೋಡೆಗೆ ಸರಿದು ದಾರಿ ಕೊಡಬೇಕು, ಬಿದಿರಿನ ಚಟ್ಟದ ಮೇಲೆ ಬಣ್ಣದ ಬಟ್ಟೆ ಹೊದಿಸಿದ ದೇಹ ಭುಜದ ಪಕ್ಕದಲ್ಲೇ ಹಾದು ಹೋಗುತ್ತದೆ. ಆದ್ದರಿಂದ ಬರುವ ಮೊದಲೇ, ಮನೆಯಲ್ಲೇ ಕೂತು ಹೇಳಿ. ಕಾಶಿಯಲ್ಲಿ ಸತ್ತರೆ ಮತ್ತೆ ಹುಟ್ಟಿಲ್ಲ, ಶಿವನೇ ಕಿವಿಯಲ್ಲಿ ತಾರಕ ಮಂತ್ರ ಹೇಳುತ್ತಾನೆ ಅನ್ನುವ ನಂಬಿಕೆ ಹೇಳಿ. ಕೊನೆಯ ದಿನಗಳನ್ನು ಇಲ್ಲಿ ಕಳೆಯಲೆಂದೇ ಮುದುಕರು ಬಂದಿರುತ್ತಾರೆ ಅಂತ ಹೇಳಿ. ಬೇರೆ ಊರುಗಳಲ್ಲಿ ಮಸಣ ಊರ ಹೊರಗೆ ಇರುತ್ತದೆ, ಇಲ್ಲಿ ಅದು ಊರಿನ ನಡುವೆ, ಮೆಟ್ಟಿಲ ಮೇಲೆ, ಚಹಾ ಅಂಗಡಿಯ ಪಕ್ಕ ಇದೆ. ಹೆದರಿಸಬೇಕು ಅಂತ ಇಟ್ಟಿದ್ದಲ್ಲ ಅದು.

ಮಣಿಕರ್ಣಿಕಾ ದೊಡ್ಡದು, ಹಗಲು ರಾತ್ರಿ ಉರಿಯುತ್ತದೆ. ಹರಿಶ್ಚಂದ್ರ ಘಾಟ್ ಚಿಕ್ಕದು. ಹರಿಶ್ಚಂದ್ರನ ಕಥೆ ಗೊತ್ತಿಲ್ಲದ ಕನ್ನಡದವರು ಯಾರಿದ್ದಾರೆ? ರಾಜನಾಗಿದ್ದವನು ಮಸಣ ಕಾಯುತ್ತಾ, ಸ್ವಂತ ಮಗನ ಹೆಣ ಹೊತ್ತು ತಂದ ಹೆಂಡತಿಯನ್ನೇ ಸುಂಕ ಕೇಳಿದ ಕಥೆಯನ್ನು ನಾನು ಆ ಮೆಟ್ಟಿಲ ಮೇಲೇ ಬೀಗರಿಗೆ ಹೇಳಿದೆ. ಅಳಿಯ ಜರ್ಮನ್‌ಗೆ ತಿರುಗಿಸುತ್ತಾ ಹೋದ, ಕೊನೆಯ ಭಾಗಕ್ಕೆ ಬರುವಾಗ ಅವನ ದನಿ ನಿಂತಿತು. ಬೀಗರು ಹೋದ ವರ್ಷವಷ್ಟೇ ತಮ್ಮ ಅಣ್ಣನನ್ನು ಕಳೆದುಕೊಂಡಿದ್ದರು. ಆಸ್ಪತ್ರೆಯಿಂದ ನೇರವಾಗಿ ಪೆಟ್ಟಿಗೆಗೆ ಹೋಯಿತಂತೆ, ಮುಖ ನೋಡಲಿಲ್ಲವಂತೆ. ಅಲ್ಲಿ ಕೂತು ಮೊದಲ ಸಲ ಅದನ್ನು ಹೇಳಿದರು.

ನೆನಪಿಡಬೇಕಾದದ್ದು ಇಷ್ಟು. ಫೋಟೋ ಬೇಡವೇ ಬೇಡ, ದೋಣಿಯಿಂದಲೂ, ಝೂಮ್ ಮಾಡಿಯೂ ಬೇಡ. ಅಲ್ಲಿ ಬೂದಿಯಾಗುತ್ತಿರುವುದು ಯಾರದ್ದೋ ತಾಯಿ. ದೂರದಲ್ಲಿ ಕೂರಿ, ಹತ್ತಿಪ್ಪತ್ತು ನಿಮಿಷ ಸಾಕು. ಸನ್ಯಾಸಿಗಳನ್ನು, ತೀರ ಚಿಕ್ಕ ಮಕ್ಕಳನ್ನು ಸುಡದೆ ನದಿಗೆ ಬಿಡುವ ಸಂಪ್ರದಾಯ ಇದೆ ಅನ್ನುವುದನ್ನೂ ಹೇಳಿರಿ, ಎಂದಾದರೂ ನೀರಿನಲ್ಲಿ ಏನಾದರೂ ಕಂಡರೆ ಬೆಚ್ಚಿಬೀಳುವುದು ಬೇಡ. ಯಾರಾದರೂ ಬಂದು "ಮೇಲಿಂದ ಚೆನ್ನಾಗಿ ಕಾಣುತ್ತೆ ಬನ್ನಿ" ಅಂತ ಹಳೆಯ ಕಟ್ಟಡಕ್ಕೆ ಕರೆದುಕೊಂಡು ಹೋಗಿ, ಬಡವರ ಸೌದೆಗೆ ದಾನ ಕೊಡಿ ಅಂತ ಕಿಲೋ ಲೆಕ್ಕದಲ್ಲಿ ಕೇಳಿದರೆ, ಕೈ ಮುಗಿದು ವಾಪಸ್ ಬನ್ನಿ. ಬಿಳಿ ಮುಖ ಕಂಡರೆ ಇದು ಖಂಡಿತ ಆಗುತ್ತದೆ.

ಗಂಗೆಯಲ್ಲಿ ಮುಳುಗು ಹಾಕಬಹುದಾ?

ಯಾರೂ ತಡೆಯುವುದಿಲ್ಲ. ಆದರೆ ನಿಜ ಹೇಳಿ. ಊರಿನ ಕೊಳಚೆ ಇನ್ನೂ ನದಿಗೆ ಸೇರುತ್ತದೆ, ಹುಟ್ಟಿದಾಗಿನಿಂದ ಬೇರೆ ನೀರು ಕುಡಿದು ಬೆಳೆದ ಹೊಟ್ಟೆ ಅದನ್ನು ತಡೆಯುವುದಿಲ್ಲ. ಗಾಯ ಇದ್ದರೆ ಇಳಿಯಬೇಡಿ, ಒಂದು ಹನಿಯನ್ನೂ ನುಂಗಬೇಡಿ. ದೋಣಿಯಲ್ಲಿ ಆಚೆ ದಡಕ್ಕೆ ಹೋದರೆ ಮರಳಿದೆ, ಜನ ಕಡಿಮೆ, ಆದರೆ ನೀರು ಅದೇ ಗಂಗೆಯದೇ. ಅಳಿಯ ಮುಳುಗು ಹಾಕಿದ, ಏನೂ ಆಗಲಿಲ್ಲ. ಅವನ ಅಪ್ಪ ಅಂಗೈಯಲ್ಲಿ ನೀರು ತೆಗೆದು ತಲೆಗೆ ಚಿಮುಕಿಸಿಕೊಂಡರು. ನಮ್ಮ ಅಜ್ಜಿಯಾಗಿದ್ದರೆ ಅದೂ ಸ್ನಾನವೇ ಅನ್ನುತ್ತಿದ್ದರು.

ದೋಣಿ, ಆರತಿ?

ಮುಂಜಾನೆ ದೋಣಿ. ಗಂಗೆ ಇಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ, ಘಾಟುಗಳೆಲ್ಲ ಪೂರ್ವಕ್ಕೆ ಮುಖ ಮಾಡಿವೆ, ಸೂರ್ಯ ಆಚೆ ದಡದ ಮರಳಿನಿಂದ ಎದ್ದು ನೇರವಾಗಿ ಮೆಟ್ಟಿಲ ಮೇಲೆ ಬೀಳುತ್ತಾನೆ. ಅಸ್ಸಿಯಿಂದ ಹೊರಟು ಕೆಳಕ್ಕೆ ಬನ್ನಿ. ಹುಟ್ಟು ಹಾಕುವ ದೋಣಿಯೇ ಇರಲಿ, ಮೋಟಾರಿನ ಸದ್ದಿನಲ್ಲಿ ಗಂಟೆಯ ದನಿ ಕೇಳುವುದಿಲ್ಲ. ದರವನ್ನು ತಲೆಗೆ ಇಷ್ಟು ಅಂತಲ್ಲ, ಇಡೀ ದೋಣಿಗೆ ಗಂಟೆಗೆ ಇಷ್ಟು ಅಂತ ಹತ್ತುವ ಮೊದಲೇ ಮಾತಾಡಿ. ನಮ್ಮ ದೋಣಿಯವನೊಬ್ಬ ನಡುನೀರಿನಲ್ಲಿ ದರ ಏರಿಸಿದ, ಹಾಗಾಗಿ ಹೇಳುತ್ತಿದ್ದೇನೆ.

ಸಂಜೆಯ ಆರತಿ ದಶಾಶ್ವಮೇಧದಲ್ಲಿ, ಕತ್ತಲಾಗುವ ಹೊತ್ತಿಗೆ, ಮುಕ್ಕಾಲು ಗಂಟೆಯಷ್ಟು. ಜನ ತುಂಬಾ ಇರುತ್ತಾರೆ. ನನಗೆ ಅಸ್ಸಿಯ ಬೆಳಗಿನ ಆರತಿ ಹೆಚ್ಚು ಇಷ್ಟ. 2014ರಿಂದ ಅಲ್ಲಿ "ಸುಬಹ್-ಎ-ಬನಾರಸ್" ಅಂತ ನಡೆಯುತ್ತಿದೆ, ಆರತಿ ಆದ ಮೇಲೆ ಸಂಗೀತ, ಆಮೇಲೆ ಯೋಗ. ಕತ್ತಲಲ್ಲೇ ಎದ್ದು ಹೋಗಬೇಕು.

ಊಟ?

ಬೆಳಿಗ್ಗೆ ಕಚೋರಿ, ಆಲೂಗೆಡ್ಡೆ ಪಲ್ಯ, ಬಿಸಿ ಜಿಲೇಬಿ. ಕಣ್ಣೆದುರು ಎಣ್ಣೆಯಿಂದ ತೆಗೆದದ್ದನ್ನೇ ತಿನ್ನಿಸಿ. ಟೊಮೆಟೊ ಚಾಟ್ ಅಲ್ಲಿಯದ್ದೇ ರುಚಿ. ಚಳಿಗಾಲದಲ್ಲಿ ಹೋದರೆ ಮಲಯ್ಯೋ ಬಿಡಬೇಡಿ, ಹಾಲಿನ ನೊರೆ, ಕೇಸರಿ, ಬಾಯಲ್ಲಿಟ್ಟರೆ ಕರಗುತ್ತದೆ, ಬಿಸಿಲೇರುವ ಮೊದಲೇ ಖಾಲಿ. ಮುಚ್ಚಳ ಸೀಲ್ ಆಗಿರುವ ನೀರು ಮಾತ್ರ. ಓಆರ್‌ಎಸ್ ಪ್ಯಾಕೆಟ್ ಜೊತೆಗಿರಲಿ.

ಭಾಂಗ್ (ಅಮಲೇರಿಸುವ ಭಂಗಿ ಸೊಪ್ಪು) ಬಗ್ಗೆ ಒಂದು ಎಚ್ಚರಿಕೆ. ಅಲ್ಲಿ ಸರ್ಕಾರಿ ಪರವಾನಗಿ ಇರುವ ಅಂಗಡಿಯೇ ಇದೆ, ಥಂಡಾಯಿ ಅನ್ನುವ ಹಾಲಿನ ಪಾನೀಯದಲ್ಲಿ ಹಾಕಿ ಕೊಡುತ್ತಾರೆ. ಹತ್ತುವುದು ಒಂದೆರಡು ಗಂಟೆ ಬಿಟ್ಟು, ಏನೂ ಆಗಲಿಲ್ಲ ಅಂತ ಎರಡನೇ ಲೋಟ ಕುಡಿದವರು ಮರುದಿನ ಏಳುವುದಿಲ್ಲ. ಥಂಡಾಯಿ ತೆಗೆದುಕೊಳ್ಳುವಾಗ "ಭಾಂಗ್ ಬೇಡ" ಅಂತ ಮೊದಲೇ ಹೇಳಿ.

ಹೆಣ್ಣುಮಕ್ಕಳು ಒಬ್ಬರೇ ಓಡಾಡಬಹುದಾ?

ಹಗಲು ಹೊತ್ತಿನಲ್ಲಿ ಘಾಟುಗಳಲ್ಲಿ ಓಡಾಡಬಹುದು, ಎಷ್ಟೋ ಜನ ಓಡಾಡುತ್ತಾರೆ. ಕತ್ತಲಾದ ಮೇಲೆ ಖಾಲಿ ಓಣಿ, ನಿರ್ಜನ ಮೆಟ್ಟಿಲು ಬೇಡ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ, ಒಂದು ದುಪಟ್ಟಾ ಇದ್ದರೆ ಎಲ್ಲದಕ್ಕೂ ಆಗುತ್ತದೆ. ಹೋಳಿ ಹಬ್ಬದ ಬೆಳಿಗ್ಗೆ ಮಾತ್ರ ರೂಮಿನಿಂದ ಹೊರಗೆ ಕಳಿಸಬೇಡಿ. ಬಣ್ಣದ ನೆಪದಲ್ಲಿ ಮೈಮುಟ್ಟುವ ಗುಂಪುಗಳಿರುತ್ತವೆ. ಕೈ ಕುಲುಕುವ ಹಾಗೆ ಬಂದು, ಕೈ ಹಿಡಿದೇ ಮಸಾಜ್ ಶುರು ಮಾಡಿ ದುಡ್ಡು ಕೇಳುವವರೂ ಇದ್ದಾರೆ. "ನಹೀ ಭಯ್ಯಾ" ಅಂತ ಗಟ್ಟಿಯಾಗಿ ಹೇಳಲು ಕಲಿಸಿ.

ಬನಾರಸಿ ಸೀರೆ ಎಲ್ಲಿ ತೆಗೆದುಕೊಳ್ಳಬೇಕು?

ಆಟೋದವನು, ದೋಣಿಯವನು, ದಾರಿಯಲ್ಲಿ ಗೆಳೆಯನಾದವನು ತೋರಿಸಿದ ಅಂಗಡಿಯಲ್ಲಿ ಬೇಡ, ಅವನ ಕಮಿಷನ್ ನಿಮ್ಮ ಬಿಲ್‌ನಲ್ಲಿ ಸೇರಿರುತ್ತದೆ. ಅಸಲಿ ರೇಷ್ಮೆ ಅನ್ನುವುದಕ್ಕೆ ಗುರುತಾದ ಸಿಲ್ಕ್ ಮಾರ್ಕ್ ಚೀಟಿ ನೋಡಿ. ಕೈಮಗ್ಗದ ಸೀರೆ ತಿರುವಿ ನೋಡಿದರೆ ಹಿಂಬದಿಯಲ್ಲಿ ಬಿಡಿ ನೂಲು ಕಾಣುತ್ತದೆ. ಆಗುವುದಾದರೆ ನೇಕಾರರ ಬೀದಿಗೇ ಹೋಗಿ. ಗುಳಿಯಲ್ಲಿ ಕಾಲಿಟ್ಟು ನೇಯುವುದನ್ನು ನೋಡಿದ ಮೇಲೆ ಬೀಗಿತ್ತಿ ಬೆಲೆಯ ಬಗ್ಗೆ ಮಾತೇ ಆಡಲಿಲ್ಲ.

ಸಾರನಾಥಕ್ಕೆ ಹೋಗಬೇಕಾ?

ಹೋಗಿ. ಬರೀ 10 ಕಿಲೋಮೀಟರ್. ಬುದ್ಧ ಮೊದಲು ಬೋಧಿಸಿದ ಜಾಗ, ಧಮೇಕ್ ಸ್ತೂಪ ಇದೆ, ನಮ್ಮ ನೋಟಿನ ಮೇಲಿರುವ ನಾಲ್ಕು ಸಿಂಹದ ಮೂಲ ಕಲ್ಲು ಅಲ್ಲಿಯ ಮ್ಯೂಸಿಯಂನಲ್ಲಿದೆ. ಶುಕ್ರವಾರ ಮ್ಯೂಸಿಯಂಗೆ ರಜೆ. ಓಣಿಗಳಲ್ಲಿ ಸುಸ್ತಾದವರಿಗೆ ಆ ಹುಲ್ಲು, ಮರ, ಮೌನ ಬೇಕು. ಎರಡನೇ ದಿನ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಅಲ್ಲಿ ನಮ್ಮವರ ಗುರುತು ಏನಾದರೂ ಇದೆಯಾ?

ಇದೆ. ಹರಿಶ್ಚಂದ್ರ ಘಾಟಿನ ಪಕ್ಕದಲ್ಲೇ ಕರ್ನಾಟಕ ಘಾಟ್ ಇದೆ, ಮೈಸೂರು ಸಂಸ್ಥಾನದವರು ಕಟ್ಟಿಸಿದ್ದು. ಗೋದೌಲಿಯಾ ಹತ್ತಿರ ಜಂಗಮವಾಡಿ ಮಠ, ವೀರಶೈವರ ಪಂಚಪೀಠಗಳಲ್ಲಿ ಒಂದು. ಒಳಗೆ ಸಾಲುಸಾಲಾಗಿ ಸಾವಿರಾರು ಲಿಂಗ. ಹನುಮಾನ್ ಘಾಟ್, ಕೇದಾರ ಘಾಟ್ ಕಡೆ ದಕ್ಷಿಣದವರು ತಲೆಮಾರುಗಳಿಂದ ಇದ್ದಾರೆ, ಇಡ್ಲಿ ಸಿಗುತ್ತದೆ. ಎರಡನೇ ಸಲ ಹೋದಾಗ ಕರ್ನಾಟಕ ಘಾಟಿನ ಮುಂದೆ ಅಳಿಯ ನಿಂತು ಗೋಡೆಯ ಮೇಲಿದ್ದ ಹೆಸರನ್ನು ಓದಿಸಿಕೊಂಡ.

ಗಂಗಾಜಲವನ್ನು ವಿದೇಶಕ್ಕೆ ಒಯ್ಯಬಹುದಾ?

ವಿಮಾನದ ಕೈಚೀಲದಲ್ಲಿ 100 ಮಿಲಿಗಿಂತ ಜಾಸ್ತಿ ಬಿಡುವುದಿಲ್ಲ. ಬಾಯಿ ಬೆಸುಗೆ ಹಾಕಿದ ಸಣ್ಣ ತಾಮ್ರದ ಗಿಂಡಿ ಓಣಿಯಲ್ಲಿ ಸಿಗುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ ದೊಡ್ಡ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಇಡಿ. ಸೋರದ್ದನ್ನು ಅಂಗಡಿಯಲ್ಲೇ ತಲೆಕೆಳಗು ಮಾಡಿ ನೋಡಿ ತೆಗೆದುಕೊಳ್ಳಿ. ಅದರ ಜೊತೆ ಕಾಲಭೈರವನ ಗುಡಿಯ ಕಪ್ಪು ಕಾಶಿದಾರ. ನಮ್ಮ ಬೀಗರು ಗಿಂಡಿಯನ್ನು ಅಣ್ಣನ ಫೋಟೋ ಪಕ್ಕ ಇಟ್ಟಿದ್ದಾರೆ.